ಕೋಟಿಗಳ ನಡುವೆ ನೂರು ರೂಪಾಯಿ

ಬಜೆಟ್ ದಿನ ಟಿವಿಯಲ್ಲಿ ಯಾವುದು ಅಗ್ಗ, ಯಾವುದು ದುಬಾರಿ ಅನ್ನೋದೇ ಸುದ್ದಿ. ಅಸಲಿ ಕೆಲಸ ಶುರುವಾಗುವುದು ಆಮೇಲೆ, ಅಷ್ಟೊತ್ತಿಗೆ ನಾವು ಚಾನೆಲ್ ಬದಲಾಯಿಸಿರುತ್ತೇವೆ.

ಲೋಕಸಭೆ ಒಪ್ಪದೆ ಯಾವ ಇಲಾಖೆಯ ಅನುದಾನದ ಬೇಡಿಕೆಯೂ, ಅಂದರೆ ವರ್ಷದ ಖರ್ಚಿಗೆ ಇಷ್ಟು ದುಡ್ಡು ಬೇಕು ಅನ್ನುವ ಕೋರಿಕೆಯೂ, ಪಾಸಾಗುವುದಿಲ್ಲ. ಸಂವಿಧಾನದ 113ನೇ ವಿಧಿ ಅದು. ಇದರಲ್ಲಿ ನನಗೆ ಮಜಾ ಅನ್ನಿಸುವುದು ಕಡಿತ ಸೂಚನೆ. ಇಲಾಖೆಯ ನೀತಿಯೇ ಸರಿಯಿಲ್ಲ ಅನ್ನಿಸಿದರೆ ಅದರ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅಂತ ಸದಸ್ಯರು ಕೇಳಬಹುದು. ರೈಲು ಹಳಿಗಳ ಸುರಕ್ಷತೆಯಂಥ ಒಂದು ನಿರ್ದಿಷ್ಟ ದೂರಿದ್ದರೆ, ಸಾವಿರಾರು ಕೋಟಿಯ ಆ ಬೇಡಿಕೆಯಲ್ಲಿ ಬರೀ 100 ರೂಪಾಯಿ ಕಡಿಮೆ ಮಾಡಿ ಅಂತ ಸೂಚನೆ ಕೊಡಬಹುದು. ಉದ್ದೇಶ ದುಡ್ಡು ಉಳಿಸುವುದಲ್ಲ, ಮಂತ್ರಿ ಎದ್ದು ನಿಂತು ಉತ್ತರ ಕೊಡಲಿ ಅಂತ.

ಆದರೆ ಸಮಯ ಮುಗಿಯಿತು ಅಂದರೆ ಗಿಲೋಟಿನ್! ಚರ್ಚೆಯೇ ಆಗದ ಬೇಡಿಕೆಗಳೆಲ್ಲ ಒಟ್ಟಿಗೆ ಮತಕ್ಕೆ ಹೋಗುತ್ತವೆ. ಅದರಲ್ಲಿ ಆಸ್ಪತ್ರೆಯ ದುಡ್ಡೂ ಇರಬಹುದು, ಪೊಲೀಸರದ್ದೂ ಇರಬಹುದು. ಇದು ನನಗಂತೂ ಸರಿ ಕಾಣುವುದಿಲ್ಲ.

ಹಾಗಂತ ಯಾರೂ ನೋಡುವುದೇ ಇಲ್ಲ ಅಂತಲ್ಲ. 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಅಂದರೆ ಇಲಾಖೆಗಳ ಬೇಡಿಕೆಗಳನ್ನು ಪರಿಶೀಲಿಸುವ ಸಂಸದರ ಸಮಿತಿಗಳು. ಅಲ್ಲಿ ಕ್ಯಾಮೆರಾ ಇಲ್ಲ, ಹಾಗಾಗಿ ಕೂಗಾಟವೂ ಕಡಿಮೆ. ಅಧಿಕಾರಿಗಳನ್ನು ಕೂರಿಸಿಕೊಂಡು, ಹೋದ ವರ್ಷ ಕೊಟ್ಟಿದ್ದು ಯಾಕೆ ಖರ್ಚಾಗಲಿಲ್ಲ ಅಂತ ಕೇಳುತ್ತಾರೆ. ಅವರ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ, ಅದು ಬೇರೆ ಮಾತು. ವರದಿಗಳು ಸಂಸತ್ತಿನ ವೆಬ್‌ಸೈಟ್‌ನಲ್ಲೇ ಸಿಗುತ್ತವೆ. ನಿಮ್ಮ ಎಂಪಿ ಯಾವ ಸಮಿತಿಯಲ್ಲಿದ್ದಾರೆ ಅನ್ನೋದೂ ಅಲ್ಲೇ ಇದೆ, ಸುಮ್ನೆ ಒಮ್ಮೆ ನೋಡಿ.