ಹೆಲಿಸ್ಕೀಯಿಂಗ್: ಹಾರದ ದಿನದ ದುಡ್ಡು ಯಾರಿಗೆ?

ಹೆಲಿಸ್ಕೀಯಿಂಗ್ ಅಂದರೆ ಹೆಲಿಕಾಪ್ಟರ್‌ನಲ್ಲಿ ಬೆಟ್ಟದ ಮೇಲೆ ಹೋಗಿ ಸ್ಕೀ ಮಾಡುತ್ತಾ ಇಳಿಯುವುದು. ಇದನ್ನು ನಡೆಸುವ ಕಂಪನಿಗಳ ವೆಬ್‌ಸೈಟಿನಲ್ಲಿ ಬೆಟ್ಟದ ಫೋಟೊ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಅದನ್ನು ಬಿಟ್ಟು ಮೊದಲು ರೀಫಂಡ್ ಷರತ್ತು ಓದಿ. ನಾವು ಹೋಗಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್‌ಗೆ, ಜನವರಿಯಲ್ಲಿ. ಮೋಡ ಕವಿದು ಹೆಲಿಕಾಪ್ಟರ್ ಮೇಲೇಳಲೇ ಇಲ್ಲ. ಅದು ಯಾರ ತಪ್ಪೂ ಅಲ್ಲ, ಸರಿ. ದುಡ್ಡು ವಾಪಸ್ ಕೇಳಿದರೆ, "ಕ್ರೆಡಿಟ್ ಕೊಡ್ತೀವಿ, ಮುಂದಿನ ಸೀಸನ್ನಿನಲ್ಲಿ ಬನ್ನಿ" ಅಂದರು. ಅಷ್ಟು ದೂರದಿಂದ ಬಂದವರು ಮತ್ತೆ ಯಾವಾಗ ಹೋಗೋದು? ಬುಕ್ ಮಾಡುವಾಗ ಫೋನಿನಲ್ಲಿ "ಹಾರದಿದ್ದರೂ ನಿಮ್ಮ ದುಡ್ಡು ಸೇಫ್" ಅಂದಿದ್ದರು. ಸೇಫಾಗಿಯೇ ಇದೆ, ಅವರ ಹತ್ತಿರ.

ಹಾಗಾಗಿ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಹಾರದಿದ್ದರೆ ನಗದು ಕೊಡುತ್ತಾರಾ, ಕ್ರೆಡಿಟ್ಟಾ? ಒಂದೇ ರನ್ (ಮೇಲಿನಿಂದ ಕೆಳಗೆ ಒಂದು ಸಲ ಇಳಿಯುವುದು) ಮುಗಿಸಿ ಹವಾಮಾನ ಕೆಟ್ಟು ವಾಪಸ್ ಬಂದರೆ ಏನು ಲೆಕ್ಕ? ಪ್ಯಾಕೇಜಿನಲ್ಲಿ ಎಷ್ಟು ರನ್, ಮೇಲಿನದಕ್ಕೆ ಎಷ್ಟು? ವಾರದ ಪ್ಯಾಕೇಜ್ ಕೊಡುವ ಕೆಲವರು ಒಟ್ಟು ಇಷ್ಟು ಮೀಟರ್ ಎತ್ತರ ಸ್ಕೀ ಮಾಡಿ ಇಳಿಯುವಂತೆ ಮಾಡುತ್ತೇವೆ ಅಂತ ಗ್ಯಾರಂಟಿ ಕೊಡುತ್ತಾರೆ, ಕಡಿಮೆಯಾದರೆ ಅದಕ್ಕೊಂದು ಲೆಕ್ಕ ಇರುತ್ತದೆ. ಕೈಯಲ್ಲಿ ವಾರ ಇದ್ದರೆ ಅದೇ ವಾಸಿ.

ಇನ್ನು ಸಮಯ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಪುಡಿಹಿಮ ಜಾಸ್ತಿ, ಹಗಲು ಕಡಿಮೆ, ಚಳಿ ವಿಪರೀತ. ಮೋಡದಲ್ಲಿ ನೆಲವೂ ಆಕಾಶವೂ ಒಂದೇ ಬಿಳುಪು. ಎಲ್ಲಿ ಇಳಿಸಬೇಕು ಅನ್ನೋದಕ್ಕೆ ಪೈಲಟ್‌ಗೆ ಗುರುತೇ ಸಿಗುವುದಿಲ್ಲ. ಮರಗಳಿದ್ದರೆ ಸಿಗುತ್ತದೆ. ಅದಕ್ಕೇ ಜನವರಿಯಲ್ಲಿ ಹೋಗುವವರು ಕಾಡಿನ ಇಳಿಜಾರು ಜಾಸ್ತಿ ಇರುವ ಕಂಪನಿಯನ್ನೇ ಹಿಡಿಯಬೇಕು. ಇಲ್ಲಿ ಒಂದೊಂದು ಕಂಪನಿಗೆ ಸರ್ಕಾರ ಒಂದೊಂದು ಪ್ರದೇಶ ಗೊತ್ತು ಮಾಡಿಕೊಟ್ಟಿದೆ. ಪ್ರದೇಶ ದೊಡ್ಡದಿದ್ದರೆ ಒಂದು ಕಣಿವೆ ಮುಚ್ಚಿದಾಗ ಇನ್ನೊಂದಕ್ಕೆ ಹೋಗಬಹುದು. ಏಪ್ರಿಲ್‌ನಲ್ಲಿ ಹಗಲು ಉದ್ದ, ಎತ್ತರದ ಹಿಮನದಿಗಳ ಮೇಲೂ ಇಳಿಸುತ್ತಾರೆ. ಆದರೆ ಬಿಸಿಲು ಬೀಳುವ ದಕ್ಷಿಣದ ಇಳಿಜಾರು ಬೆಳಿಗ್ಗೆ ಗಟ್ಟಿ ಪದರ, ಮಧ್ಯಾಹ್ನ ಒದ್ದೆ ಹಿಮ. ನನ್ನನ್ನು ಕೇಳಿದರೆ ಮಾರ್ಚ್ ಮೊದಲರ್ಧ. ಚಳಿ ತಡೆಯದವನ ಮಾತು ಇದು, ಪುಡಿಹಿಮದ ಹುಚ್ಚಿದ್ದವರು ಒಪ್ಪಲಿಕ್ಕಿಲ್ಲ.

ಕೊನೆಗೆ ನಾವು ಹಾರಿದ್ದು ಬೇರೊಂದು ಕಂಪನಿಯ ಜೊತೆ. ಯಾರೋ ಬಿಟ್ಟ ಸೀಟು ಸಿಕ್ಕಿತ್ತು. ಎ-ಸ್ಟಾರ್ ಅನ್ನುವ ಚಿಕ್ಕ ಹೆಲಿಕಾಪ್ಟರ್, ನಾಲ್ಕು ಜನ, ಒಬ್ಬ ಗೈಡ್. ಬೆಲ್ 212 ದೊಡ್ಡದು, ಹನ್ನೊಂದು ಜನರನ್ನು ಹತ್ತಿಸುತ್ತಾರೆ. ಅಷ್ಟು ಜನ ಸ್ಕೀ ಹಾಕಿಕೊಂಡು ತಯಾರಾಗುವುದನ್ನು ಕಾಯುವುದು ನನಗಂತೂ ಆಗದ ಮಾತು. ಎಷ್ಟು ಗುಂಪಿಗೆ ಒಂದು ಹೆಲಿಕಾಪ್ಟರ್ ಅಂತ ತಪ್ಪದೆ ಕೇಳಿ. ಗುಂಪು ಜಾಸ್ತಿಯಾದಷ್ಟೂ ನಿಮ್ಮ ಕಾಯುವಿಕೆ ಜಾಸ್ತಿ.

ಈ ಕಂಪನಿಯ ಮೇಲೆ ನಂಬಿಕೆ ಬಂದಿದ್ದು ಬೆಳಗಿನ ಅಭ್ಯಾಸದಲ್ಲಿ. ಹಿಮದಡಿ ಸಿಲುಕಿದವರನ್ನು ಹುಡುಕಲು ಸಿಗ್ನಲ್ ಬಿಡುವ, ಹಿಡಿಯುವ ಸಾಧನ ಬೀಕನ್. ಗೈಡ್ ಅಂಥದ್ದೊಂದನ್ನು ಚೀಲದಲ್ಲಿ ಹಾಕಿ ಹಿಮದಲ್ಲಿ ಹೂತಿಟ್ಟರು. ನಮ್ಮ ಎದೆಗೆ ಕಟ್ಟಿದ್ದ ಬೀಕನ್‌ನಲ್ಲಿ ಬಾಣ ತೋರಿಸುತ್ತದೆ, ಮೀಟರ್ ಲೆಕ್ಕದಲ್ಲಿ ದೂರದ ಅಂಕಿ ಇಳಿಯುತ್ತಾ ಬರುತ್ತದೆ: 32, 14, 3. ಆಮೇಲೆ ಉದ್ದನೆ ಕೋಲಿನಿಂದ ಸುತ್ತುಸುತ್ತಾಗಿ ಚುಚ್ಚಿ ಹುಡುಕಬೇಕು. ಎಲ್ಲರೂ ಹುಡುಕಿ ತೆಗೆಯುವವರೆಗೂ ಯಾರನ್ನೂ ಹೆಲಿಕಾಪ್ಟರ್ ಹತ್ತಿರ ಬಿಡಲಿಲ್ಲ. ಮರದ ಬುಡದ ಸಡಿಲ ಹಿಮದ ಗುಂಡಿಗೆ ತಲೆಕೆಳಗಾಗಿ ಬಿದ್ದರೆ ಸ್ವಂತವಾಗಿ ಎದ್ದು ಬರೋದು ಕಷ್ಟ, ಜೊತೆಗಾರನನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ ಅಂತ ಎರಡೆರಡು ಸಲ ಹೇಳಿದರು. ಇದನ್ನು ಐದು ನಿಮಿಷದಲ್ಲಿ ಮುಗಿಸುವವರ ಜೊತೆ ಹೋಗಬೇಡಿ. ಇಂಥ ಕಂಪನಿಗಳ ಸಂಘವಾದ ಹೆಲಿಕ್ಯಾಟ್ ಕೆನಡಾದ ಸದಸ್ಯರಾ ಅಂತಲೂ ನೋಡಿಕೊಳ್ಳಿ.

ಬಸ್ಸಿನ ವಿಷಯ ಹೇಳಲೇಬೇಕು. ಕ್ಯಾಲ್ಗರಿಯಿಂದ ಬರುವ ದಾರಿಯಲ್ಲಿ ರಾಜರ್ಸ್ ಪಾಸ್ ಅನ್ನುವ ಬೆಟ್ಟದ ಕಣಿವೆದಾರಿ ಇದೆ. ಹಿಮ ಕುಸಿಯುವ ಅಪಾಯ ಹೆಚ್ಚಾದರೆ ರಸ್ತೆ ಮುಚ್ಚಿ, ಸೈನ್ಯದವರು ಫಿರಂಗಿ ಹೊಡೆದು ಹಿಮವನ್ನು ತಾವೇ ಬೀಳಿಸುತ್ತಾರೆ. ಕೇಳೋಕೆ ಮಜವಾಗಿದೆ ಅಲ್ವಾ? ಹೀಟರ್ ಕೆಟ್ಟ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತರೆ ಗೊತ್ತಾಗುತ್ತದೆ. ಡ್ರೈವರ್ ಒಂದು ಮಾತೂ ಆಡಲಿಲ್ಲ, ಶೌಚಾಲಯಕ್ಕೆ ಬೀಗ. ಕ್ಯಾಲ್ಗರಿ ಬಿಟ್ಟು ಕೆಲೋನಾಗೆ ವಿಮಾನ ಹಿಡಿಯಿರಿ, ಅಲ್ಲಿಂದ ರೆವೆಲ್‌ಸ್ಟೋಕ್‌ಗೆ ಸುಮಾರು 200 ಕಿ.ಮೀ. ಆ ದಾರಿಯನ್ನೂ ಒಮ್ಮೊಮ್ಮೆ ಮುಚ್ಚುತ್ತಾರೆ, ಆದರೆ ರಾಜರ್ಸ್ ಪಾಸ್ ಎದುರಾಗುವುದಿಲ್ಲ. ಹೊರಡುವ ಮೊದಲು ರಸ್ತೆಗಳ ಸ್ಥಿತಿ ತಿಳಿಸುವ ಡ್ರೈವ್‌ಬಿಸಿ ವೆಬ್‌ಸೈಟ್ ನೋಡಿ.

ಊರಲ್ಲಿ ಸುಮ್ನೆ ಕೂತ ದಿನ ನಮ್ಮನ್ನು ಕಾಪಾಡಿದ್ದು ಒಂದು ಸೂಪಿನ ಅಂಗಡಿ. ನಾಲ್ಕೈದು ಮೇಜು, ಮೆನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ. ಬಟಾಣಿ ಬೇಳೆಯ ಗಟ್ಟಿ ಸೂಪು, ಜೊತೆಗೆ ಅಂಗೈ ದಪ್ಪದ ಬ್ರೆಡ್ಡು. ಮಾಂಸ ಬೇಡ ಅಂದರೆ ಬೇರೆ ಪಾತ್ರೆಯಿಂದ ಬಡಿಸಿದರು. ಬಟ್ಟಲು ಖಾಲಿಯಾದಾಗ ಕೇಳದೆಯೇ ಇನ್ನೊಂದು ಸೌಟು ಬಿತ್ತು, ಅದಕ್ಕೆ ಬಿಲ್ ಹಾಕಲಿಲ್ಲ. ಹೋಟೆಲಿನ ರೆಸ್ಟೋರೆಂಟ್‌ನಲ್ಲಿ ಇದರ ಮೂರು ಪಟ್ಟು ಕೊಟ್ಟು ತಣ್ಣಗಿನ ಪಾಸ್ತಾ ತಿಂದಿದ್ದೆವು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಮನೆಯಿಂದ ಸ್ಕೀ ಹೊತ್ತುಕೊಂಡು ಹೋಗಬೇಡಿ, ಅಗಲವಾದ ಪೌಡರ್ ಸ್ಕೀ ಅವರೇ ಕೊಡುತ್ತಾರೆ. ಕಾಲಿಗೆ ಒಗ್ಗಿದ ಸ್ವಂತ ಬೂಟು ಮಾತ್ರ ಬೇಕು, ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಹೆಲಿಸ್ಕೀಯಿಂಗ್ ಎಂಬ ಹೆಸರು ಪಾಲಿಸಿಯಲ್ಲೇ ಇದೆಯಾ ಅಂತ ನೋಡಿ. ಎಷ್ಟೋ ಪಾಲಿಸಿಗಳು ಇದನ್ನು ಹೊರಗಿಟ್ಟಿರುತ್ತವೆ.