ಟಕ್ ಟಕ್ ಸದ್ದಿನ ಜಾಡು

ಮೂರು ವಾರದಿಂದ ನನ್ನ ಹಳೇ ಕಾರಿನಲ್ಲಿ ಟಕ್ ಟಕ್ ಸದ್ದು, ಐಡ್ಲಿಂಗ್‌ನಲ್ಲಿ ಇನ್ನೂ ಜೋರು. ಕೇಳಿದವರೆಲ್ಲ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಲೇಬೇಕು ಅಂದರು. ಮನಸ್ಸು ಒಪ್ಪಲಿಲ್ಲ, ಬೇರಿಂಗ್ ಹೋದರೆ ಸಾಮಾನ್ಯವಾಗಿ ಇಳಿಯುವ ಆಯಿಲ್ ಪ್ರೆಶರ್ ಚೆನ್ನಾಗೇ ಇತ್ತಲ್ಲ!

ಇವತ್ತು ಫ್ಯಾನ್ ಬೆಲ್ಟ್ ಬಿಚ್ಚಿಟ್ಟು ಅರ್ಧ ನಿಮಿಷ ಸ್ಟಾರ್ಟ್ ಮಾಡಿದೆ. ಸದ್ದಿನ ಲಯವೇ ಬದಲಾಯಿತು. ಆಫ್ ಮಾಡಿ, ಕ್ರ್ಯಾಂಕ್ ಪುಲ್ಲಿಯನ್ನು (ಇಂಜಿನ್‌ನ ಮುಖ್ಯ ಶಾಫ್ಟ್‌ನ ತುದಿಯಲ್ಲಿದ್ದು ಬೆಲ್ಟ್ ತಿರುಗಿಸುವ ಚಕ್ರ) ಎರಡೂ ಕೈಯಲ್ಲಿ ಹಿಡಿದು ಆಚೀಚೆ ತಿರುಗಿಸಿದರೆ, ಶಾಫ್ಟ್ ಕದಲುವ ಮೊದಲೇ ಪುಲ್ಲಿ ಕೂದಲೆಳೆಯಷ್ಟು ಆಡುತ್ತಿತ್ತು. ನಡುವಿನ ಬೋಲ್ಟ್ ಸಡಿಲ. ಬಿಚ್ಚಿ ನೋಡಿದೆ. ಪುಲ್ಲಿ ಶಾಫ್ಟ್ ಮೇಲೆ ಜಾರದಂತೆ ಹಿಡಿದಿಡುವ ಅರ್ಧಚಂದ್ರದಂಥ ಪುಟ್ಟ ಲೋಹದ ತುಂಡು, ಅಂದರೆ ಕೀ, ಒಂದು ಬದಿ ಸವೆದು ಫಳಫಳ ಹೊಳೆಯುತ್ತಿತ್ತು, ಸುತ್ತ ತುಕ್ಕಿನ ಕೆಂಪು ಪುಡಿ. ಶಾಫ್ಟ್ ಮಾತ್ರ ಪುಣ್ಯಕ್ಕೆ ಹಾಳಾಗಿಲ್ಲ.

ಟೈಮಿಂಗ್, ಅಂದರೆ ಇಂಜಿನ್‌ನಲ್ಲಿ ಕಿಡಿ ಹಾರುವ ಹೊತ್ತು, ನೋಡೋ ಗುರುತು ಇರೋದು ಈ ಪುಲ್ಲಿಯ ಮೇಲೇ. ಇದೇ ಅಲ್ಲಾಡಿದರೆ, ಆ ಗುರುತನ್ನು ನೋಡೋಕೆ ಮಿನುಗುವ ಟೈಮಿಂಗ್ ಲೈಟ್ ಹಾಕಿ ನೋಡಿದ್ದನ್ನೂ ನಂಬೋ ಹಾಗಿಲ್ಲ. ಹೋದ ವಾರ ಟೈಮಿಂಗ್ ಸರಿಮಾಡೋಕೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎಷ್ಟು ಸಲ ತಿರುಗಿಸಿದೆನೋ, ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಅಳತೆಗೋಲೇ ಜಾರುತ್ತಿರಬಹುದು ಅನ್ನೋದು ನಮಗೆ ಎಷ್ಟು ತಡವಾಗಿ ಹೊಳೆಯುತ್ತೆ!

ಹೊಸ ಕೀ, ಹೊಸ ಬೋಲ್ಟ್ ಹಾಕಿ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು, ಅಂದಾಜಿನಲ್ಲಿ ಬೇಡ. ಸವೆದ ಕೀ ಇನ್ನೂ ಅಂಗೈಯಲ್ಲೇ ಇದೆ, ಬಿಸಾಡೋಕೆ ಮನಸ್ಸಾಗ್ತಿಲ್ಲ.