ಆಫೀಸಿಗೂ ಆಗಬೇಕು, ಬೆವರಿಗೂ ಆಗಬೇಕು: ಯಾವ ಸೈಕಲ್ ತಗೊಳ್ಳಲಿ?

ನಾನು ಸೈಕಲ್ ತುಳಿಯುತ್ತೇನೆ ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ದಿನಾ ಕೆಲಸಕ್ಕೆ ಹೋಗಿಬರಬೇಕು, ರಜೆ ಇದ್ದಾಗ ಬೆಳಿಗ್ಗೆ ರಸ್ತೆಯಲ್ಲಿ ಚೆನ್ನಾಗಿ ಬೆವರಿಳಿಸಬೇಕು, ದುಡ್ಡು ಮಾತ್ರ ಜಾಸ್ತಿ ಹಾಕೋಕಾಗಲ್ಲ, ಯಾವ ಸೈಕಲ್ ತಗೊಳ್ಳಲಿ? ಜೊತೆಗೆ ಎರಡು ಮೂರು ಫೋಟೋ ಬೇರೆ ಕಳಿಸುತ್ತಾರೆ. ಎಲ್ಲದರಲ್ಲೂ ದಪ್ಪ ಟೈರು, ಮುಂದೆ ಕುಲುಕಾಟ ತಡೆಯುವ ಶಾಕ್, ಡಿಸ್ಕ್ ಬ್ರೇಕ್, 21 ಗೇರು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಶಾಕ್ ಇಲ್ಲದ, ನೇರ ಹ್ಯಾಂಡಲ್ಲಿನ, 32ರಿಂದ 40 ಮಿಲಿಮೀಟರ್ ಅಗಲದ ಟೈರಿರುವ ಹೈಬ್ರಿಡ್ ಸೈಕಲ್. ನಿಮ್ಮ ಅಳತೆಯದ್ದು. ಬ್ರ್ಯಾಂಡ್ ಯಾವುದಾದರೂ ಆಗಲಿ.

ಇದನ್ನು ಕೇಳಿದ ತಕ್ಷಣ ಮುಖ ಸಪ್ಪಗಾಗುತ್ತದೆ. ಅದೇ ಬೆಲೆಗೆ ಅಷ್ಟೆಲ್ಲ ಸಿಗುವಾಗ ಬೋಳು ಸೈಕಲ್ ಯಾಕೆ ಅಂತ. ಆದರೆ ಬೆಲೆ ಒಂದೇ ಅಂದ ಮೇಲೆ ಶಾಕ್‌ಗೆ, ಡಿಸ್ಕ್‌ಗೆ ಹೋದ ದುಡ್ಡನ್ನು ಇನ್ನೆಲ್ಲಿಂದಲೋ ಉಳಿಸಿರಲೇಬೇಕು ಅಲ್ವಾ? ಸಾಮಾನ್ಯವಾಗಿ ಉಳಿಸುವುದು ಫೋಟೋದಲ್ಲಿ ಕಾಣದ ಜಾಗದಲ್ಲಿ: ಚಕ್ರದ ನಡುವಿನ ಹಬ್, ಬೇರಿಂಗ್, ಕಡ್ಡಿ, ಪೆಡಲ್, ಟೈರು. ದಿನಾ ತುಳಿಯುವವರಿಗೆ ತೊಂದರೆ ಕೊಡುವುದೂ ಇವೇ. ಹಾಗಾಗಿ ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಏನೇನು ಇಲ್ಲ ಅಂತ ನಾನು ಮೊದಲು ನೋಡುತ್ತೇನೆ.

ಶಾಕ್ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಜನ ಮರುಳಾಗುವುದೇ ಅದಕ್ಕೆ. ಮುಂದಿನ ಚಕ್ರವನ್ನು ಹಿಡಿದಿರುವ ಕವೆಗೆ ಫೋರ್ಕ್ ಅನ್ನುತ್ತಾರೆ, ಶಾಕ್ ಇದ್ದರೆ ಅದೇ ಸಸ್ಪೆನ್ಷನ್ ಫೋರ್ಕ್. ಅಗ್ಗದ್ದರಲ್ಲಿ ಒಳಗೆ ಒಂದು ಸ್ಪ್ರಿಂಗು, ಅಷ್ಟೇ. ಅದರ ಕುಪ್ಪಳಿಕೆಯನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಹೆಸರಿಗೆ ಮಾತ್ರ ಇರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ. ತೂಕ ಎರಡೂವರೆ ಕಿಲೋ ಹತ್ತಿರ. ಶಾಕ್ ಇಲ್ಲದ ಗಟ್ಟಿ ಫೋರ್ಕ್ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಬಲದ ಒಂದು ಪಾಲು ಆ ಸ್ಪ್ರಿಂಗನ್ನು ಮೇಲೆ ಕೆಳಗೆ ಆಡಿಸುವುದಕ್ಕೇ ಹೋಗುತ್ತದೆ. ಮಳೆ, ಧೂಳು ಒಳಗೆ ಹೋಗಿ ಒಂದೆರಡು ವರ್ಷದಲ್ಲಿ ಎಷ್ಟೋ ಫೋರ್ಕ್‌ಗಳು ಹಿಡಿದುಕೊಂಡು ಕೂರುತ್ತವೆ, ಆಮೇಲೆ ಸುಮ್ನೆ ಹೊತ್ತುಕೊಂಡು ಓಡಾಡಬೇಕು. ರಸ್ತೆ ಕೆಟ್ಟಿದ್ದರೆ ಅದಕ್ಕೆ ಮದ್ದು ಟೈರಿನಲ್ಲಿದೆ. 38 ಮಿಲಿಮೀಟರಿನ ಟೈರಿಗೆ ನಿಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ಹಾಕಿ, ಕಲ್ಲಿನಂತೆ ಗಟ್ಟಿಯಾಗುವಷ್ಟು ಹಾಕಬೇಡಿ. ಹೊಂಡ ಬಂದಾಗ ಸೀಟಿನಿಂದ ಸ್ವಲ್ಪ ಎದ್ದು ಮೊಣಕೈ ಸಡಿಲ ಬಿಡಿ. ಸಾಕು.

ಗೇರಿನ ಲೆಕ್ಕ ಇನ್ನೂ ಮಜವಾಗಿದೆ. ಮುಂದೆ ಪೆಡಲ್ ಹತ್ತಿರ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21. ಅಗ್ಗದ ಸೈಕಲ್‌ಗಳಲ್ಲಿ ಮುಂದಿನ ಹಲ್ಲುಚಕ್ರಗಳಿಗೆ 48, 38, 28 ಹಲ್ಲು ಇರುವುದು ಸಾಮಾನ್ಯ. ಈಗ ಭಾಗಿಸಿ ನೋಡಿ. ಮುಂದೆ 48, ಹಿಂದೆ 28 ಹಾಕಿದರೆ 1.71. ಮುಂದೆ 38, ಹಿಂದೆ 22 ಹಾಕಿದರೆ 1.73. ಮುಂದೆ 28, ಹಿಂದೆ 16 ಹಾಕಿದರೆ 1.75. ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಎಷ್ಟು ತಿರುಗುತ್ತದೆ ಅನ್ನುವುದು ಮೂರರಲ್ಲೂ ಹೆಚ್ಚೂಕಡಿಮೆ ಒಂದೇ. ಎಣಿಕೆಗೆ ಮೂರು ಗೇರು, ಕಾಲಿಗೆ ಒಂದೇ ಗೇರು. ಹೀಗೆ ಒಂದರ ಮೇಲೊಂದು ಬೀಳುವುದನ್ನೂ, ಚೈನ್ ಅಡ್ಡಡ್ಡ ಎಳೆದು ಉಜ್ಜುವುದನ್ನೂ ಬಿಟ್ಟರೆ ಕೈಗೆ ಸಿಗುವುದು ಹನ್ನೆರಡರ ಆಸುಪಾಸು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳೋ ಎಂಟೋ ಇರುವ ಸೈಕಲ್ ಆದರೆ ಕೆಡುವ ಸಾಮಾನು ಕಡಿಮೆ. ನಿಮ್ಮ ದಾರಿಯಲ್ಲಿ ಏರು ಜಾಸ್ತಿ ಇದ್ದರೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 32 ಅಥವಾ 34 ಹಲ್ಲು ಇದೆಯಾ ಅಂತ ನೋಡಿಕೊಳ್ಳಿ. ನೆಲ ಪೂರ್ತಿ ಸಮತಟ್ಟಾದರೆ ಗೇರೇ ಇಲ್ಲದ ಸೈಕಲ್ ಕೂಡ ಕೆಟ್ಟ ಆಯ್ಕೆಯಲ್ಲ.

ಬ್ರೇಕ್? ಅಗ್ಗದ ಕೇಬಲ್ ಡಿಸ್ಕ್‌ಗಿಂತ ರಬ್ಬರಿನಿಂದ ರಿಮ್ ಅನ್ನೇ ಎರಡೂ ಕಡೆ ಒತ್ತುವ ಒಳ್ಳೆಯ ವಿ-ಬ್ರೇಕ್ ಮೇಲು. ಆ ಡಿಸ್ಕ್‌ಗಳಲ್ಲಿ ಹೆಚ್ಚಿನವು ಒಂದು ಕಡೆಯ ಪ್ಯಾಡ್ ಮಾತ್ರ ತಳ್ಳುತ್ತವೆ, ಆಗಾಗ ಸರಿ ಮಾಡಿಕೊಳ್ಳುತ್ತಲೇ ಇರಬೇಕು. ವಿ-ಬ್ರೇಕಿನ ರಬ್ಬರ್ ಮನೆಯಲ್ಲೇ ಬದಲಾಯಿಸಬಹುದು. ಮಳೆಯಲ್ಲಿ ರಿಮ್ ಒದ್ದೆಯಾದಾಗ ಅದು ಹಿಡಿಯುವುದು ಕೊಂಚ ತಡ, ಇದು ನಿಜ. ವರ್ಷದಲ್ಲಿ ಬಹುಪಾಲು ಮಳೆಯಲ್ಲೇ ಓಡಾಟ ಅನ್ನುವವರು ಇನ್ನಷ್ಟು ದುಡ್ಡು ಕೂಡಿಸಿ ಕೇಬಲ್ ಬದಲು ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಇರುವುದನ್ನೇ ತಗೊಳ್ಳಲಿ.

"ರಸ್ತೆ ಫಿಟ್‌ನೆಸ್ ಅಂದರೆ ರೋಡ್ ಬೈಕೇ ಬೇಕಲ್ವಾ?" ಅನ್ನುತ್ತಾರೆ, ಅಂದರೆ ಬಾಗಿದ ಹ್ಯಾಂಡಲ್ಲು, ಸಣ್ಣ ಟೈರಿನ ಹಗುರ ಸೈಕಲ್. ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ, ವಾರಕ್ಕೆ ಐದು ದಿನ ಅಂದರೆ 150 ಅಲ್ಲೇ ಮುಗಿಯಿತು. ಸ್ವಲ್ಪ ಉಸಿರು ಏರುವ ಹಾಗೆ ತುಳಿದರೆ ಸಾಕು, ಸೈಕಲ್ಲಿನ ಬೆಲೆ ಎದೆಬಡಿತಕ್ಕೆ ಗೊತ್ತಾಗುವುದಿಲ್ಲ. ತೂಕದ ಬಗ್ಗೆಯೂ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. 70 ಕಿಲೋ ಮನುಷ್ಯ 14 ಕಿಲೋ ಸೈಕಲ್ ಬಿಟ್ಟು 11 ಕಿಲೋ ಸೈಕಲ್ ಹತ್ತಿದರೆ ಒಟ್ಟು ತೂಕದಲ್ಲಿ ಇಳಿಯುವುದು ಶೇಕಡ 4ಕ್ಕೂ ಕಡಿಮೆ. ಏರಿನಲ್ಲಿ ಒಂದಿಷ್ಟು ಗೊತ್ತಾಗಬಹುದು, ಸಮತಟ್ಟಿನಲ್ಲಿ ನಿಜವಾದ ಎದುರಾಳಿ ಗಾಳಿ. ವೇಗ 20ರಿಂದ 25 ಕಿಲೋಮೀಟರಿಗೆ ಏರಿದರೆ ಗಾಳಿ ಸೀಳುವುದಕ್ಕೆ ಬೇಕಾದ ಶಕ್ತಿ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಮೊಣಕೈ ಮಡಿಸಿ ಸ್ವಲ್ಪ ಬಗ್ಗಿದರೆ ಆಗುವ ಲಾಭ ಆ ಮೂರು ಕಿಲೋಗಿಂತ ದೊಡ್ಡದು. ಬಗ್ಗುವುದಕ್ಕೆ ದುಡ್ಡೂ ಕೊಡಬೇಕಿಲ್ಲ.

ಇನ್ನು ಅಳತೆ. ಇದೊಂದನ್ನು ಬಿಟ್ಟುಕೊಡಬೇಡಿ. "26 ತಗೊಳ್ಳಲಾ, 29 ತಗೊಳ್ಳಲಾ" ಅಂತ ಕೇಳುತ್ತಾರಲ್ಲ, ಅದು ಇಂಚಿನಲ್ಲಿ ಚಕ್ರದ ಅಳತೆ. ನಿಮಗೆ ಹೊಂದಬೇಕಾದದ್ದು ಫ್ರೇಮು. ಮೇಲಿನ ಕೊಳವೆಯ ಎರಡೂ ಪಕ್ಕಕ್ಕೆ ಕಾಲಿಟ್ಟು ನಿಂತಾಗ ಎರಡು ಮೂರು ಸೆಂಟಿಮೀಟರಾದರೂ ಜಾಗ ಉಳಿಯಬೇಕು. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪ ಮಡಿಚಿರುತ್ತದೆ. ಸೀಟು ತೀರಾ ಕೆಳಗಿಟ್ಟುಕೊಂಡು, ಭಾರದ ಗೇರಿನಲ್ಲಿ ಒದ್ದಾಡಿ, ಆಮೇಲೆ "ಸೈಕಲ್ ತುಳಿದು ಮಂಡಿ ಹೋಯಿತು" ಅನ್ನುವವರು ಬಹಳ. ಕೈಗೆ ಹ್ಯಾಂಡಲ್ ಎಟುಕಲು ಬೆನ್ನು ಎಳೆದ ಹಾಗಾದರೆ ಆ ಸೈಕಲ್ ನಿಮ್ಮದಲ್ಲ, ಎಷ್ಟೇ ರಿಯಾಯಿತಿ ಕೊಡಲಿ.

ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿವೆಯಾ ನೋಡಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬೆವರುವುದು ಕೆಲವೇ ದಿನದಲ್ಲಿ ಸಾಕಾಗಿಹೋಗುತ್ತದೆ. ಹೆಲ್ಮೆಟ್, ಮುಂದೆ ಹಿಂದೆ ಲೈಟು, ಗಟ್ಟಿ ಬೀಗ, ಪಂಪು, ಒಂದು ಟ್ಯೂಬು, ಇಷ್ಟಕ್ಕೂ ಸೇರಿಸಿಯೇ ಬಜೆಟ್ ಹಾಕಿ. ಸೈಕಲ್ಲಿಗೇ ಎಲ್ಲ ಸುರಿದು ಬೀಗಕ್ಕೆ ಜಿಪುಣತನ ಮಾಡುವುದನ್ನು ನೋಡಿದರೆ ನಗು ಬರುತ್ತದೆ.

ಮನೆಯಲ್ಲಿ ಆಗಲೇ ಎಂಟಿಬಿ, ಅಂದರೆ ದಪ್ಪ ಟೈರಿನ ಮೌಂಟನ್ ಬೈಕ್ ಇದೆಯಾ? ಹಾಗಾದರೆ ಹೊಸದು ಕೊಳ್ಳುವ ಮೊದಲು ಅದರ ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿ ಓದಿ. 54-622 ಅಂತ ಇದ್ದರೆ 54 ಅಗಲ, 622 ರಿಮ್‌ನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 29 ಅನ್ನುವ ಚಕ್ರಕ್ಕೂ ಹೈಬ್ರಿಡ್‌ನ 700ಸಿ ಅನ್ನುವ ಚಕ್ರಕ್ಕೂ ವ್ಯಾಸ ಒಂದೇ, 622. ಗುಬುಟುಗಳಿರುವ ಟೈರು ಕಿತ್ತು ನಯವಾದ 40-622 ಟೈರು ಹಾಕಿಸಿ ನೋಡಿ. ರಿಮ್‌ನ ಅಗಲಕ್ಕೆ ಅದು ಹೊಂದುತ್ತದಾ ಅಂತ ಮಾತ್ರ ಮೆಕ್ಯಾನಿಕ್ ಹತ್ತಿರ ಮೊದಲೇ ಕೇಳಿಕೊಳ್ಳಿ. 26ರ ಚಕ್ರವಾದರೆ ಕೊನೆಯ ಅಂಕಿ 559 ಇರುತ್ತದೆ, ಅದಕ್ಕೂ ನಯವಾದ ಟೈರು ಸಿಗುತ್ತದೆ. ಒಂದು ತಿಂಗಳು ಅದರಲ್ಲೇ ಓಡಾಡಿ, ಆಮೇಲೂ ಹೊಸದು ಬೇಕು ಅನಿಸಿದರೆ ಫೋಟೋ ಕಳಿಸಿ.